ಏನು ಕಟ್ಟಿದಿ, ಹಾಲೇಶ?

ಮಲ್ಲೇಶ ಕಿಟ್ ಬ್ಯಾಗಿನ ಜಿಪ್ ಎಳೆದ. ಒಳಗೆ ಕೈ ಹಾಕಿದ. ಮತ್ತೆ ಹಾಕಿದ. ಆಮೇಲೆ ಬ್ಯಾಗನ್ನೇ ಎತ್ತಿ ಮಂಚದ ಮೇಲೆ ಬೋರಲು ಸುರಿದ.

ಎರಡು ಜೆರ್ಸಿ. ಒಂದು ಜೊತೆ ಬೂಟು. ನೋವಿನ ಸ್ಪ್ರೇ ಡಬ್ಬಿ. ಬ್ಯಾಂಡೇಜಿನ ಖಾಲಿ ಕವರು.

“ಮೇಡಂ, ರೊಕ್ಕ ಇಲ್ಲ.”

ವೇದಶ್ರೀ ಬಾಗಿಲಲ್ಲೇ ನಿಂತಿದ್ದಳು. ರಾಯಚೂರಿನಿಂದ ದೇವದುರ್ಗ ದಾಟಿ ಜಾಲಹಳ್ಳಿಯವರೆಗೆ ತಾನೇ ಕಾರು ಓಡಿಸಿಕೊಂಡು ಬಂದಿದ್ದಳು. ತೆರಿಗೆ ಸಲಹೆಗಾರರು ಕಕ್ಷಿದಾರನ ಮನೆಯವರೆಗೆ ಹೋಗುವ ಪದ್ಧತಿಯಿಲ್ಲ. ಆದರೆ ಅಂದು ಮಾರ್ಚ್ ಹದಿನೈದು, ಮುಂಗಡ ತೆರಿಗೆಯ ಕೊನೆಯ ದಿನ. ಮಲ್ಲೇಶನೋ ನಾಳೆ ನಾಳೆ ಎನ್ನುತ್ತ ವಾರ ಕಳೆದಿದ್ದ. ಗಂಡ ವಿಬುಧೇಂದ್ರ ತೀರಿಕೊಂಡ ಮೇಲೆ ಆಫೀಸು ಒಬ್ಬಳ ಮೇಲೇ ಬಿದ್ದಿತ್ತು. ಎಲ್ಲಿಗೆ ಹೊರಟೆ, ಎಷ್ಟೊತ್ತಿಗೆ ಬರುತ್ತೀ ಎಂದು ಕೇಳುವವರು ಮನೆಯಲ್ಲಿ ಇರಲಿಲ್ಲ. ಹೊರಟು ಬಂದಿದ್ದಳು.

“ಎಷ್ಟಿತ್ತು?”

“ಹದಿನೆಂಟು ಲಕ್ಷ. ಎಲ್ಲಾ ಟ್ಯಾಕ್ಸಿಂದೇ.”

ಮಲ್ಲೇಶ ಕಬಡ್ಡಿ ಆಟಗಾರ. ದಾಳಿಗೆ ಹೋದನೆಂದರೆ ಮುಟ್ಟದೆ ಬಂದವನಲ್ಲ. ಹೋದ ವರ್ಷದ ಲೀಗ್ ಹರಾಜಿನಲ್ಲಿ ಒಂದು ತಂಡ ಅವನನ್ನು ತೊಂಬತ್ತು ಲಕ್ಷಕ್ಕೆ ಕೊಂಡಿತ್ತು. ಹಣ ಬಂದಾಗ ಅವನು ಮೊದಲ ಸಲ ಅವಳ ಆಫೀಸಿಗೆ ಬಂದು ಕುರ್ಚಿಯ ಅಂಚಿನಲ್ಲಿ ಕೂತಿದ್ದ.

“ಹತ್ತು ಪರ್ಸೆಂಟ್ ಕಟ್ ಮಾಡಿಕೊಂಡೇ ಕೊಟ್ಟಾರಲ್ರಿ. ಮತ್ಯಾಕ ಟ್ಯಾಕ್ಸು?” ಎಂದಿದ್ದ.

“ಅದು ಎಲಿ ತುದೀಗೆ ಹಾಕಿದ ಉಪ್ಪು, ಮಲ್ಲೇಶ. ಊಟ ಇನ್ನೂ ಬಡಿಸಿಲ್ಲ,” ಎಂದಿದ್ದಳು ಅವಳು. ತೆರಿಗೆಯ ಹಣ ಮುಟ್ಟಬೇಡ. ಒಂದು ವರ್ಷ ಯಾರಿಗೂ ಜಾಮೀನು ನಿಲ್ಲಬೇಡ. ಅವಸರದಲ್ಲಿ ಹೊಲ ಕೊಳ್ಳಬೇಡ, ಇದು ನಿನ್ನ ಮೈ ಗಟ್ಟಿ ಇರುವತನಕ ಬರುವ ಹಣ ಎಂದೂ ಹೇಳಿದ್ದಳು.

ಜಾಮೀನಿನ ಮಾತನ್ನಷ್ಟೇ ಅವನು ಉಳಿಸಿಕೊಂಡಿದ್ದ. ಮಾನ್ವಿಯ ದಲ್ಲಾಳಿ ಜಿಲಾನಿ ಪಾಷಾ ಚೀಕಲಪರ್ವಿಯ ಹೊಳೆದಂಡೆಯಲ್ಲಿ ಗದ್ದೆ ತೋರಿಸಿದ. ಗದ್ದೆಯವನು ಒಂದಿಷ್ಟು ಹಣ ಕೈಯಲ್ಲೇ ಬೇಕೆಂದ. ಮಲ್ಲೇಶ ಅವಳಿಗೆ ಹೇಳದೆ ತೆರಿಗೆಯ ಹಣವನ್ನೇ ಬ್ಯಾಂಕಿನಿಂದ ಬಿಡಿಸಿದ. ಸೌದಾ ಮುರಿಯಿತು. ನೋಟಿನ ಕಟ್ಟುಗಳು ಕಿಟ್ ಬ್ಯಾಗು ಸೇರಿದವು.

“ಕಡೀಗೆ ನೋಡಿದ್ದು ಯಾವಾಗ?”

“ನಿನ್ನೆ ಮಧ್ಯಾಹ್ನ. ಇತ್ತು.”

“ಆಮ್ಯಾಲ ಮನಿಗೆ ಯಾರ‍್ಯಾರು ಬಂದಿದ್ರು?”

“ಜಿಲಾನಿ ಪಾಷಾ ಬಂದಿದ್ದ. ಅಕ್ಕ ಮನಿಯಾಗೇ ಇದ್ಲು. ಹಾಲೇಶ—” ಎಂದು ನಿಲ್ಲಿಸಿದ. “ಹಾಲೇಶ ದಿನಾ ಬರ್ತಾನ. ಅವನನ್ನ ಲೆಕ್ಕಕ್ಕ ಹಿಡೀಬ್ಯಾಡ್ರಿ.”

ಹಾಲೇಶ ಇದೇ ಊರಿನವನು. ಇಬ್ಬರೂ ಒಂದೇ ಮಣ್ಣಿನ ಅಂಕಣದಲ್ಲಿ ಆಡಿ ಬೆಳೆದವರು. ಒಬ್ಬನನ್ನು ಆರಿಸಿದರು, ಇನ್ನೊಬ್ಬನನ್ನು ಬಿಟ್ಟರು. ಬಿಟ್ಟವನು ಆರಿಸಿದವನ ಮೈಗೆ ಎಣ್ಣೆ ತಿಕ್ಕುತ್ತ, ಬ್ಯಾಗು ಹೊರುತ್ತ ಜೊತೆಗೇ ಉಳಿದಿದ್ದ.

ಅಷ್ಟರಲ್ಲಿ ಅಕ್ಕ ವಿಜಯಶ್ರೀ ಒಳಗಿನಿಂದ ಬಂದಳು. ತಾಯಿ ತೀರಿದ ಮೇಲೆ ತಮ್ಮನನ್ನು ಬೆಳೆಸಿದವಳು ಅವಳೇ. ಮದುವೆಯ ಮಾತನ್ನು ಮುಂದೆ ಹಾಕುತ್ತ ಹಾಕುತ್ತ ನಲವತ್ತಕ್ಕೆ ಹತ್ತಿರವಾಗಿದ್ದಳು. ಸುರಿದ ಬ್ಯಾಗನ್ನು ನೋಡಿದಳು.

“ಹಾಲೇಶನ್ನ ಕೇಳು,” ಎಂದಳು. “ನಿನ್ನೆ ಸಂಜಿ ಹಿತ್ತಲದಾಗ ನಿಂತು ಫೋನ್ ಮಾಡಾಕತ್ತಿದ್ದ. ‘ಟ್ಯಾಕ್ಸ್ ಕಟ್ಟೀನಿ, ಯಾರಿಗೂ ಗೊತ್ತಾಗಂಗಿಲ್ಲ’ ಅಂದ. ಈ ಕಿವೀಲೆ ಕೇಳೀನಿ.”

ವೇದಶ್ರೀ ಮೊಬೈಲಿನಲ್ಲಿ ಮಲ್ಲೇಶನ ತೆರಿಗೆ ಖಾತೆ ತೆರೆದು ನೋಡಿದಳು. ಒಂದು ರೂಪಾಯಿಯೂ ಜಮಾ ಆಗಿರಲಿಲ್ಲ. ಹಾಗಾದರೆ ಕಟ್ಟಿದೆ ಎಂದ ಹಣ ಹಾಲೇಶನ ಕೈಯಲ್ಲೇ ಉಳಿದಿರಬೇಕು.

ಮಲ್ಲೇಶನ ಮುಖದಲ್ಲಿ ರಕ್ತ ಏರಿತು. ಹೊರಗೆ ಹೋಗಿ ದೇವದುರ್ಗದ ಠಾಣೆಗೆ ಫೋನು ಹಚ್ಚಿದ.

ವೇದಶ್ರೀ ವಿಜಯಶ್ರೀಯ ಹಿಂದೆ ಅಡುಗೆಮನೆಗೆ ಹೋದಳು.

“ಹಾಲೇಶನ ಬಾಯಿಂದ ಬಂದದ್ದು ಹೆಂಗಿತ್ತೋ ಹಂಗೇ ಹೇಳ್ರಿ. ಒಂದಕ್ಷರ ಬದಲು ಬ್ಯಾಡ.”

“ಹೇಳಿದ್ನಲ್ರಿ.”

“ಟ್ಯಾಕ್ಸ್ ಅಂತನೇ ಅಂದನೇನು?”

ವಿಜಯಶ್ರೀ ರೊಟ್ಟಿಯ ಹಂಚು ಸರಿಸಿದಳು. “‘ಪಟ್ಟಿ ಬಿಗೀ ಕಟ್ಟೀನ್ರಿ, ಯಾರಿಗೂ ಗೊತ್ತಾಗಂಗಿಲ್ಲ’ ಅಂದ. ಪಟ್ಟಿ ಅಂದ್ರೇನು, ಟ್ಯಾಕ್ಸ್ ಅಂದ್ರೇನು? ಮನಿ ಪಟ್ಟಿ, ನಳದ ಪಟ್ಟಿ ಅನ್ನಂಗಿಲ್ಲೇನು ನೀವು?”

ಅನ್ನುತ್ತಾರೆ. ಪಂಚಾಯಿತಿಯವನು ಬಾಗಿಲಿಗೆ ಬಂದು ‘ಪಟ್ಟಿ ಕಟ್ರಿ’ ಎಂದೇ ಕೂಗುತ್ತಾನೆ. ವೇದಶ್ರೀ ತಲೆಯಾಡಿಸಿದಳು.

ಠಾಣೆಯಿಂದ ಜಮಾದಾರ ಖಾಸಿಂ ಸಾಬ್ ಬಂದಾಗ ಅಂಗಳದ ಗೋಡೆಯಾಚೆ ಅರ್ಧ ಓಣಿ ನೆರೆದಿತ್ತು. ಹಾಲೇಶನನ್ನು ನಡುವೆ ನಿಲ್ಲಿಸಿದರು. ಎಣ್ಣೆಗೆ ಮೆತ್ತಗಾದ ಅಗಲ ಅಂಗೈಗಳು. ಅವುಗಳನ್ನು ಎಲ್ಲಿಡಬೇಕೆಂದು ಅವನಿಗೆ ತಿಳಿಯಲಿಲ್ಲ.

“ಫೋನಿನಾಗ ‘ಕಟ್ಟೀನಿ, ಯಾರಿಗೂ ಗೊತ್ತಾಗಂಗಿಲ್ಲ’ ಅಂದದ್ದು ಖರೆಯೇನಲೇ?”

“ಖರೆ ಅದ್ರಿ.”

“ಏನು ಕಟ್ಟಿದಿ?”

ಹಾಲೇಶ ಅಂಗೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡ.

“ದನ ಕಟ್ಟಿದೆಯೋ, ಮನಿ ಕಟ್ಟಿದೆಯೋ, ಯಾರಿಗರ ತಾಳಿ ಕಟ್ಟಿದೆಯೋ? ಬಾಯಿ ಬಿಡು!”

ಗೋಡೆಯಾಚೆ ನಕ್ಕರು. ಹಾಲೇಶ ಒಮ್ಮೆ ಮಲ್ಲೇಶನ ಕಡೆ ನೋಡಿದ. ಮಲ್ಲೇಶ ಮುಖ ತಿರುಗಿಸಿದ.

“ಯಾರ ಕೂಡ ಮಾತಾಡಿದಿ? ಫೋನಿನಾಗ ಆ ನಂಬರೇ ಇಲ್ಲಲ್ಲ?”

“ಅಳಿಸೀನ್ರಿ.”

“ಯಾಕ?”

“ಹೇಳಂಗಿಲ್ರಿ.”

“ಹೇಳಂಗಿಲ್ಲ!” ಖಾಸಿಂ ಸಾಬ್ ಟೊಪ್ಪಿಗೆ ಸರಿಪಡಿಸಿಕೊಂಡ. “ನಡಿ ಹಂಗಾದ್ರ. ದೇವದುರ್ಗದ ನೀರು ಕುಡದ್ರ ನಾಲಿಗಿ ಹಗುರ ಆಗ್ತದ.”

ಜೀಪು ಹೊರಟಿತು. ಓಣಿ ಚೆದುರಿತು. ಮಲ್ಲೇಶ ಅಂಗಳದಲ್ಲಿ ಒಬ್ಬನೇ ನಿಂತಿದ್ದ. ಯಾರೋ ಕೇಳಿದಂತೆ ಹೇಳಿದ—

“ಒಂದ ತಾಟಿನಾಗ ಉಂಡೀವ್ರಿ.”

“ಜಿಲಾನಿ ಪಾಷಾನ್ನ ಇನ್ನೂ ಯಾರೂ ಕೇಳಿಲ್ಲ,” ಎಂದಳು ವೇದಶ್ರೀ. “ಗಾಡಿ ಹತ್ತು.”

ಪೊಲೀಸರಿಗೆ ಕಳ್ಳ ಸಿಕ್ಕಿದ್ದ. ಅವಳಿಗೆ ಸಿಕ್ಕಿರಲಿಲ್ಲ. ಕದ್ದವನು ಅಲ್ಲ ಎನ್ನಬೇಕು, ಇಲ್ಲವೇ ಸುಳ್ಳು ಹೇಳಬೇಕು. ಇವನು ಎರಡನ್ನೂ ಮಾಡಲಿಲ್ಲ. ಕೇಳಿದ್ದಕ್ಕೆ ಖರೆ ಎಂದ, ಉಳಿದದ್ದಕ್ಕೆ ಬಾಯಿ ಹೊಲಿದುಕೊಂಡ. ಸಂಜೆಯೊಳಗೆ ಉತ್ತರ ಸಿಗದಿದ್ದರೆ ಕೇಸು ಬರೆಯುತ್ತಾರೆ. ಆಮೇಲೆ ಹಾಲೇಶ ಬಿಡುಗಡೆಯಾಗಿ ಬಂದರೂ ಜಾಲಹಳ್ಳಿಯಲ್ಲಿ ಅವನ ಹೆಸರಿನ ಹಿಂದೆ ಕಳ್ಳ ಎನ್ನುವುದು ಅಂಟಿಯೇ ಇರುತ್ತದೆ.

ಸಿರವಾರ ದಾಟಿ ಮಾನ್ವಿ ಮುಟ್ಟುವವರೆಗೆ ಮಲ್ಲೇಶ ಸೀಟನ್ನು ಹಿಂದಕ್ಕೆ ಸರಿಸಿ ಒಂದು ಕಾಲು ಚಾಚಿ ಕೂತಿದ್ದ.

ಜಿಲಾನಿ ಪಾಷಾ ಯಾರಿಗೋ ಹೊಲ ತೋರಿಸಲು ಚೀಕಲಪರ್ವಿಗೆ ಹೋಗಿದ್ದಾನೆಂದು ಅಲ್ಲಿ ತಿಳಿಯಿತು. ಕಾರು ದಂಡೆಯ ಮೇಲೆ ನಿಂತಿತು. ಕೆಳಗೆ ತುಂಗಭದ್ರೆ ಉಸುಕಿನ ನಡುವೆ ಸಣ್ಣಗೆ ಹರಿಯುತ್ತಿದ್ದಳು.

“ನೀವು ಹೋಗಿ ಬರ್ರಿ,” ಎಂದ ಮಲ್ಲೇಶ. “ನಾ ಇಲ್ಲೇ ಇರ್ತೀನಿ.”

ಅವಳು ಮೆಟ್ಟಿಲಿಳಿದು ಹೋದಳು. ಜಿಲಾನಿ ಪಾಷಾ ನೀರಿನ ಅಂಚಿನಲ್ಲಿ ಮುಖ ತೊಳೆಯುತ್ತಿದ್ದ. ವಿಷಯ ಕೇಳಿ ಎದೆ ಮುಟ್ಟಿಕೊಂಡ.

“ಅರೆ ಮೇಡಂ, ನಾನು ದಲ್ಲಾಳಿ! ಕದಿಯೋದ್ಯಾಕ? ಕೊಡೋನ ಕಡಿಯಿಂದ ಕೇಳಿ ಇಸ್ಕೋತೀನಿ, ತೊಗೊಳ್ಳೋನ ಕಡಿಯಿಂದ ಕೇಳಿ ಇಸ್ಕೋತೀನಿ. ಕಳ್ಳಗ ಇಷ್ಟು ಇಜ್ಜತ್ ಅದ ಏನು?”

“ನಿನ್ನೆ ಯಾಕ ಹೋಗಿದ್ರಿ?”

“ಕಮಿಷನ್ ಕೇಳಾಕ. ಸೌದಾ ಮುರೀತು, ನನ್ನ ಗಾಡಿ ಪೆಟ್ರೋಲ್ ಮುರೀತೇನು? ಕೊಡಲಿಲ್ಲ ಬಿಡ್ರಿ. ಮೊದಲಿನ ಮಲ್ಲೇಶ ಅಲ್ಲ ಅವ.”

“ಹಂಗ್ಯಾಕ ಅಂತೀರಿ?”

ಅವನು ದಂಡೆಯ ಕಡೆ ಕಣ್ಣು ಹಾಯಿಸಿ ದನಿ ತಗ್ಗಿಸಿದ. “ನಾನು, ಹಾಲೇಶ ಚಾಪಿ ಮ್ಯಾಲ ಕುಂತ್ವಿ. ಸಾಹೇಬರಿಗೆ ಕುರ್ಚಿ! ಊಟ ಬಡಿಸಿದ್ರು, ನಮಗ ನೆಲ, ಅವರಿಗೆ ಕುರ್ಚಿ, ಮುಂದೊಂದು ಸ್ಟೂಲು. ರೊಕ್ಕ ಬಂದ್ರ ನೆಲ ಚುಚ್ತದ ನೋಡ್ರಿ, ಮೇಡಂ!”

“ಮಲ್ಲೇಶನೇ ಕುರ್ಚಿ ಬೇಡಿದ್ನೇನು?”

“ಬೇಡೋದ್ಯಾಕ? ಅಕ್ಕ ತಾನೇ ತಂದು ಹಾಕಿದ್ಲು. ಅವ ಬಾಗಿಲ ದಾಟೋದ್ರಾಗ ಕುರ್ಚಿ ತಯಾರ್. ದಿನಾ ಹಂಗೇ ಅಂತ ಕಾಣ್ತದ.”

ವೇದಶ್ರೀ ತಿರುಗಿ ಮೇಲೆ ನೋಡಿದಳು. ಕಾರಿನ ಬಾಗಿಲು ತೆರೆದಿತ್ತು. ಮಲ್ಲೇಶ ಕಾಲು ಹೊರಗೆ ಚಾಚಿ ಕೂತಿದ್ದ. ಈ ಸೀಮೆಯ ಮನುಷ್ಯ ಹೊಳೆಯವರೆಗೆ ಬಂದು ನೀರಿಗೆ ಇಳಿಯದೆ ಕೂತಿದ್ದಾನೆ. ಮಾರ್ಚಿನ ಬಿಸಿಲಲ್ಲಿ.

ಅವಳು ಮೆಟ್ಟಿಲುಗಳನ್ನು ನೋಡಿದಳು. ಮತ್ತೆ ಅವನನ್ನು ನೋಡಿದಳು.

ಕಾರು ಹತ್ತಿದ ಮೇಲೆ ಚಾವಿ ತಿರುಗಿಸಲಿಲ್ಲ.

“ಯಾವಾಗಿಂದ ನೋವದ?”

“ಏನು?”

“ಎಡಗಾಲು.”

“ಏನಿಲ್ರಿ. ಜೋಮು ಹಿಡಿದದ.”

“ಮಲ್ಲೇಶ.”

ಅವನು ಚಾಚಿದ ಕಾಲಿನ ಮೇಲೆ ಅಂಗೈ ಇಟ್ಟ.

“ಪ್ರಾಕ್ಟೀಸಿನಾಗ ಹೊಳ್ಳಿತ್ರಿ, ಉಳುಕು ಅಂದ್ಕೊಂಡಿದ್ದೆ. ಮೊಣಕಾಲಿನ ಲಿಗಮೆಂಟ್ ಹರದದ ಅಂದ್ರು ರಾಯಚೂರಿನ ಡಾಕ್ಟರು. ಆಪರೇಷನ್ ಅಂದ್ರು. ಮುಂದಿನ ತಿಂಗಳು ಟೀಮಿನವರು ಯಾರನ್ನ ಇಟ್ಕೋತಾರ, ಯಾರನ್ನ ಬಿಡ್ತಾರ ಅಂತ ಹೆಸರು ಹೇಳ್ತಾರ. ಗೊತ್ತಾದ್ರ ಬಿಟ್ಟಾರು. ಹರದ ಕಾಲು ಯಾರು ಹರಾಜು ಹಿಡೀತಾರ?”

“ಯಾರ‍್ಯಾರಿಗೆ ಗೊತ್ತದ?”

“ಡಾಕ್ಟರಿಗೆ, ಹಾಲೇಶಗ. ಯಾರಿಗೂ ಹೇಳಂಗಿಲ್ಲ ಅಂತ ಹಾಲೇಶನ ಕಡಿಂದ ಆಣಿ ಹಾಕಿಸಿಕೊಂಡೀನಿ. ಅಕ್ಕಗೂ ಹೇಳಿಲ್ಲ. ಅಂಜತಾಳ.”

“ನೀ ನೆಲಕ್ಕ ಕೂಡಂಗಿಲ್ಲ, ಮಂದಿ ಸೊಕ್ಕು ಬಂದದ ಅಂತಾರ.”

“ಅನ್ಲಿ ಬಿಡ್ರಿ. ಸೊಕ್ಕು ಅಂದ್ರ ಸಂಬಳ ಹೋಗಂಗಿಲ್ಲ. ಕುಂಟ ಅಂದ್ರ ಹೋಗ್ತದ.”

“ನಿನ್ನೆ ಸಂಜಿಗೆ ಹಾಲೇಶ ಆ ಕಾಲಿಗೆ ಏನು ಮಾಡಿದ?”

“ದಿನಾ ಮಾಡೋದೇ. ಎಣ್ಣಿ ಹಚ್ಚಿ, ಪಟ್ಟಿ—”

ಅಲ್ಲಿಗೆ ನಿಂತ. ಬಾಯಿ ತೆರೆದೇ ಇತ್ತು.

“ಪಟ್ಟಿ ಬಿಗೀ ಕಟ್ಟೀನ್ರಿ, ಯಾರಿಗೂ ಗೊತ್ತಾಗಂಗಿಲ್ಲ,” ಎಂದಳು ವೇದಶ್ರೀ ಮೆಲ್ಲಗೆ. “ಹಾಲೇಶ ಅಂದದ್ದು ಅದು. ಡಾಕ್ಟರಿಗೆ.”

ಮಲ್ಲೇಶ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಕೈ ತೆಗೆದು ಹೇಳಿದ, “ಗಾಡಿ ತಿರುಗಸ್ರಿ.”

“ಜಮಾದಾರರಿಗೆ ನಾನು ಬ್ಯಾರೆ ರೀತಿ ಹೇಳಿ ನೋಡಬಹುದು. ನಿನ್ನ ಕಾಲಿನ ಮಾತು ಬರದಂಗ.”

ಅವನು ಸೀಟ್ ಬೆಲ್ಟ್ ಎಳೆದು ಹಾಕಿಕೊಂಡ.

ದೇವದುರ್ಗದ ಠಾಣೆಯಲ್ಲಿ ವಿಜಯಶ್ರೀ ಆಗಲೇ ಬೆಂಚಿನ ಮೇಲೆ ಕೂತಿದ್ದಳು. ಹೇಳಿಕೆ ಬರೆಸಲು ಖಾಸಿಂ ಸಾಬ್ ಕರೆಸಿದ್ದ. ಹಾಲೇಶ ಗೋಡೆಗೆ ಒರಗಿ ನಿಂತಿದ್ದ. ಹೆಸರಾಂತ ಆಟಗಾರ ಬಂದನೆಂದು ಬಾಗಿಲಲ್ಲಿ ನಾಲ್ಕಾರು ಹುಡುಗರು ಮೊಬೈಲು ಎತ್ತಿದರು.

“ಏನು ಕಟ್ಟಿದಿ ಅಂತ ಕೇಳಿದ್ರಲ್ರಿ, ಜಮಾದಾರ‍್ರೆ?” ಎಂದ ಮಲ್ಲೇಶ.

ಬಗ್ಗಿ ಎಡಗಾಲಿನ ಪ್ಯಾಂಟು ಮೇಲಕ್ಕೆ ಸರಿಸಿದ. ತೊಡೆಯ ನಡುವಿನಿಂದ ಮೀನಖಂಡದವರೆಗೆ ಬಿಗಿದ ಪಟ್ಟಿ. ಅದರ ಮೇಲೂ ಕೆಳಗೂ ಬಾತ ಮಾಂಸ.

“ಇದನ್ನ ಕಟ್ಟಿದ್ದ.”

ಬಾಗಿಲಲ್ಲಿ ಮೊಬೈಲುಗಳು ಕದಲದೆ ನಿಂತವು.

“ಏ ಹುಚ್ಚ!” ಹಾಲೇಶನ ದನಿ ಒಡೆಯಿತು. “ಯಾಕ ತೋರಿಸಿದಿ? ಮುಚ್ಚು ಮೊದಲ! ಅದಕ್ಕೇನು ನಾ ಇಲ್ಲಿ ನಿಂತದ್ದು?”

ಖಾಸಿಂ ಸಾಬ್ ಪೆನ್ನು ಕೆಳಗಿಟ್ಟ. ಹುಡುಗರನ್ನು ಗದರಿಸಿ ಬಾಗಿಲು ಹಾಕಿಸಿದ. “ಹಂಗಾದ್ರ ಇವ ಕಳ್ಳ ಅಲ್ಲ. ರೊಕ್ಕ ಎಲ್ಲಿ ಹೋತ್ರಿ ಮತ್ತ?”

“ಹಾಲೇಶ ಖರೇ ಅಂದದ್ದು ‘ಪಟ್ಟಿ ಬಿಗೀ ಕಟ್ಟೀನ್ರಿ’ ಅಂತ. ನಾವು ಪಟ್ಟಿ ಅನ್ನೋ ಶಬ್ದ ಹಿಡಕೊಂಡು ಕುಂತ್ವಿ,” ಎಂದಳು ವೇದಶ್ರೀ. “ನಾನೂ ಹಿಡಕೊಂಡೆ, ದಿನಾ ಅದೇ ಕೆಲಸ ನಂದು. ಅದರ ಮುಂದಿನ ಶಬ್ದ ಬಿಟ್ವಿ. ಜಮಾದಾರ‍್ರೆ, ಮನಿ ಪಟ್ಟಿ ಕಟ್ಟೀರಲ್ಲ? ಎಂದಾದ್ರೂ ಬಿಗೀ ಕಟ್ಟೀರೇನು?”

“ಬಿಗೀ?”

“ಟ್ಯಾಕ್ಸ್ ಪೂರಾ ಕಟ್ತೀವಿ, ಅರ್ಧ ಕಟ್ತೀವಿ, ತಡಾ ಮಾಡಿ ಕಟ್ತೀವಿ. ಬಿಗೀ ಕಟ್ಟಂಗಿಲ್ಲ. ಮತ್ತ ‘ಕಟ್ಟೀನ್ರಿ’ ಅಂದಾನ, ದೊಡ್ಡವರಿಗೆ ಅಂದಂಗ. ಕದ್ದ ಮಾಲಿನ ಪಾಲುದಾರಗ ಯಾರು ರೀ ಹಚ್ತಾರ?”

“ಕೇಳಿದವರು ತಪ್ಪು ತಿಳಕೊಂಡಿರಬೇಕು,” ಎಂದ ಖಾಸಿಂ ಸಾಬ್.

“ಕಾಲಿನ ವಿಷಯ ಗೊತ್ತಿಲ್ಲದಿದ್ರ ತಿಳಕೋಬಹುದಿತ್ತು.” ವೇದಶ್ರೀ ಬೆಂಚಿನ ಕಡೆ ನೋಡಲಿಲ್ಲ. “ಎಲ್ಲಾರೂ ನೆಲಕ್ಕ ಕೂಡೋ ಮನಿ. ಅಲ್ಲಿ ಒಬ್ಬರು ದಿನಾ ಮಲ್ಲೇಶಗ ಕುರ್ಚಿ ಹಾಕ್ತಾರ. ಅವ ಬೇಡೋಕಿಂತ ಮೊದಲ. ಊಟಕ್ಕ ಸ್ಟೂಲು ಇಡ್ತಾರ. ಊರಿನವರು ಸೊಕ್ಕು ಅಂದ್ರು. ಆ ಕುರ್ಚಿ ಹಾಕಿದವರಿಗೆ ಮೊಣಕಾಲು ಮಡಚಂಗಿಲ್ಲ ಅಂತ ಗೊತ್ತಿತ್ತು. ಗೊತ್ತಿದ್ದವರ ಕಿವಿಗೆ ‘ಪಟ್ಟಿ ಬಿಗೀ ಕಟ್ಟೀನ್ರಿ’ ಅಂದದ್ದು ಟ್ಯಾಕ್ಸ್ ಅಂತ ಕೇಳಸಂಗಿಲ್ಲ. ಅದನ್ನ ಬೇಕಂತನೇ ತಿರುಗಿಸಿ ಹೇಳಿದ್ದು. ತಾವು ಮಾಡಿದ್ದು ಮುಚ್ಚಲಿಕ್ಕೆ.” ಈಗ ತಿರುಗಿದಳು. “ರೊಕ್ಕ ಎಲ್ಲಿಟ್ಟೀರಿ, ವಿಜಯಶ್ರೀ?”

ಮಲ್ಲೇಶ ಬೆಂಚಿನ ಕಡೆ ತಿರುಗಿದ.

“ಅಕ್ಕಾ?” ಎಂದ ಮಲ್ಲೇಶ.

ವಿಜಯಶ್ರೀ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ಬಿಚ್ಚಿದಳು.

“ಸಗಣಿ ಕುಳ್ಳಿನ ಬಣವಿಯಾಗ ಅದ,” ಎಂದಳು. “ಒಂದು ನೋಟೂ ಮುಟ್ಟಿಲ್ಲ. ನನಗ ಬೇಕಾಗಿರಲಿಲ್ಲ ಅದು.”

“ಮತ್ಯಾಕ ತೊಗೊಂಡಿ?”

“ಯಾಕಂದ್ರ? ಕಾಲು ಹೋದ ಮ್ಯಾಲ ನಿನ್ನ ಕಡಿ ಯಾರು ಬರ್ತಾರ? ಟೀಮಿನವರು ಬರ್ತಾರೇನು? ಈ ರೊಕ್ಕ ತೊಗೊಂಡು ಸರಕಾರ ನಿನ್ನ ಕಾಲು ಒತ್ತಾಕ ಬರ್ತದೇನು? ಮುಂದ ಊಟಕ್ಕಾತು ಅಂತ ಎತ್ತಿಟ್ಟೆ.”

“ಹಾಲೇಶನ ಹೆಸರು ಯಾಕ ಹೇಳಿದ್ರಿ?” ಎಂದಳು ವೇದಶ್ರೀ.

ವಿಜಯಶ್ರೀ ಮೊದಲ ಸಲ ಹಾಲೇಶನ ಮುಖ ನೋಡಿದಳು.

“ಅವಗ ಹೇಳಿದ,” ಎಂದಳು. “ನನಗ ಹೇಳಲಿಲ್ಲ. ಕುರ್ಚಿ ಹಾಕಿದೆ. ಯಾಕ ಹಾಕಿದಿ ಅಂತ ಕೇಳ್ಯಾನು ಅಂತ ಬಾಗಿಲದಾಗ ನಿಂತೆ. ಮರುದಿನ ಮತ್ತ ಹಾಕಿದೆ. ಕೇಳಲಿಲ್ಲ. ಮಾತಿಲ್ಲದ ಕುಂತ, ಉಂಡ, ಎದ್ದು ಹೋದ. ಬಾಗಿಲ ಹಾಕ್ಕೊಂಡು ಇವನ ಕಡಿ ಕಾಲು ಚಾಚ್ತಿದ್ದ. ಹತ್ತು ವರ್ಷದ ಹುಡುಗಿದ್ದಾಗ ಆ ಕಾಲಿಗೆ ಚುಚ್ಚಿದ ಜಾಲಿಮುಳ್ಳು ಹಲ್ಲೀಲೆ ಕಿತ್ತೀನಿ ನಾನು.”

ಖಾಸಿಂ ಸಾಬ್ ಕೆಮ್ಮಿದ. “ಮನೀ ರೊಕ್ಕ ಮನಿಯಾಗೇ ಅದ. ಇವರ ಮ್ಯಾಲ ಫಿರ್ಯಾದಿ ಬರಕೊಳ್ಳೋದೇನು, ಮಲ್ಲೇಶಪ್ಪ?”

ಮಲ್ಲೇಶ ತಲೆ ಅಲ್ಲಾಡಿಸಿದ.

“ನಿನಗೇನರ ಹೇಳೋದದ ಏನಪಾ?” ಜಮಾದಾರ ಹಾಲೇಶನನ್ನು ಕೇಳಿದ. “ಹೇಳು. ನಿನಗ ಹಕ್ಕದ.”

ಹಾಲೇಶ ತನ್ನ ಮೊಬೈಲು ಇಸಿದುಕೊಂಡ. “ಏನಿಲ್ರಿ,” ಎಂದ.

ಹೊರಗೆ ಬಿಸಿಲು ಇಳಿದಿತ್ತು. ಆ ಹುಡುಗರು ಹೋಗಿಬಿಟ್ಟಿದ್ದರು. ಮೊಣಕಾಲಿನ ಚಿತ್ರ ಈಗ ಎಲ್ಲೆಲ್ಲಿ ತಲುಪಿದೆಯೋ. ಮಲ್ಲೇಶ ಕಾರಿನ ಹಿಂಬಾಗಿಲು ತೆರೆದು ಹಿಡಿದ.

“ಬಾರೋ, ಹತ್ತು.”

“ನೀವು ನಡೀರಿ,” ಎಂದ ಹಾಲೇಶ. “ನಾ ಬಸ್ಸಿಗೆ ಬರ್ತೀನಿ.”

“ಹಾಲೇಶ, ನಾ ತಿಳಕೊಂಡದ್ದು ತಪ್ಪಾತು—”

“ನಾ ನಿನ್ನ ಕಡಿ ನೋಡಿದ್ನಲ್ಲ,” ಎಂದ ಹಾಲೇಶ. ಅದರಲ್ಲಿ ಸಿಟ್ಟಿರಲಿಲ್ಲ. “ಅಂಗಳದಾಗ. ಒಂದು ಸಲ.”

ಅವನು ನಡೆದುಹೋದ. ಜಾಲಹಳ್ಳಿಯ ಬಸ್ಸು ನಿಲ್ಲುವ ಕಡೆಗೆ ತಿರುಗಲಿಲ್ಲ.

ಮಲ್ಲೇಶ ತೆರೆದ ಬಾಗಿಲನ್ನು ಇನ್ನೂ ಹಿಡಿದೇ ಇದ್ದ. ವಿಜಯಶ್ರೀ ಬಂದು ಅದರೊಳಗೆ ಹತ್ತಿ ಕೂತಳು. ಅವನು ಮುಂದಿನ ಸೀಟಿಗೆ ಬಂದ. ಕಾಲು ಚಾಚಲು ಅಲ್ಲೇ ಜಾಗವಿದ್ದದ್ದು.

“ಬ್ಯಾಂಕಿನ ಹೊತ್ತು ಮೀರಿತು,” ಎಂದಳು ವೇದಶ್ರೀ. “ನಾಳೆ ಕಟ್ಟೋಣ. ಸ್ವಲ್ಪ ಬಡ್ಡಿ ಬೀಳ್ತದ. ದೊಡ್ಡದೇನಲ್ಲ.”

ಊರು ಹಿಂದಾಯಿತು. ಎರಡೂ ಕಡೆ ಹತ್ತಿ ಬಿಡಿಸಿದ ಬರಿ ಗಿಡಗಳ ಹೊಲ. ಮಲ್ಲೇಶನ ಮೊಬೈಲು ಒಂದೇ ಸಮನೆ ಹೊಡೆದುಕೊಳ್ಳತೊಡಗಿತು. ತಂಡದವರ ಹೆಸರು. ಅವನು ಎತ್ತಲಿಲ್ಲ. ಅದು ನಿಂತಿತು, ಮತ್ತೆ ಹೊಡೆದುಕೊಂಡಿತು, ಕೊನೆಗೆ ಸುಮ್ಮನಾಯಿತು.

ಆಮೇಲೆ ಹಿಂದಿನ ಸೀಟಿನಿಂದ ವಿಜಯಶ್ರೀಯ ದನಿ ಕೇಳಿತು.

“ಭಾಳ ನೋಯ್ತದೇನೋ?”

ವೇದಶ್ರೀ ರಸ್ತೆಯ ಮೇಲಿನ ಕಣ್ಣು ತೆಗೆಯಲಿಲ್ಲ. ಪಕ್ಕದಲ್ಲಿ ಕೂತವನು ಕಿಟಕಿಯ ಕಡೆ ಮುಖ ಮಾಡಿದ. ಒಂದು ಹಳ್ಳ ದಾಟಿತು, ಒಂದು ಊರು ದಾಟಿತು.

“ಹೂಂ, ಅಕ್ಕ,” ಎಂದ. “ಭಾಳ ನೋಯ್ತದ.”